ಕಾಲು ಕಿಲೋಗೆ ಒಂದು ಗ್ರಾಂ ಕಮ್ಮಿ

ಇಷ್ಟು ವರ್ಷ ಎತ್ತರವೆಂದರೆ ನನಗೆ
ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಇನ್ನೊಂದು,
ಕೆಳಗೆ ಕಾಲು ಹಿಡಿದು ನಿಂತ ಮದುಮಗಳ ತಮ್ಮ.
ಒಮ್ಮೆ ಮಿರ್ಜಾನಿನಲ್ಲಿ ಟೆಂಪೋದ ನೆತ್ತಿ.
ಒಮ್ಮೆ ಪಂಚಾಯ್ತಿಯ ನೀರಿನ ಟಾಂಕಿ;
ಇಳಿಯಲು ಬಾರದೆ ಅರ್ಧ ಗಂಟೆ
ಕೊನೆಯ ಪಂಕ್ತಿ ಉಂಡೇಳುವುದನ್ನು
ಅಲ್ಲಿಂದಲೇ ನೋಡಿದೆ.

ಈಗ ಮಂಡಿ ಒಪ್ಪುವುದಿಲ್ಲ.
ಸ್ಟುಡಿಯೋಕ್ಕೆ ಬಂದವರು ಆಲ್ಬಮ್ ಮುಚ್ಚಿಟ್ಟು ಕೇಳುತ್ತಾರೆ,
"ಡ್ರೋನ್ ಉಂಟಾ?"
ಇಲ್ಲವೆಂದರೆ ಚಾ ಕುಡಿದು, ನಾಳೆ ಬರ್ತೇವೆ ಅನ್ನುತ್ತಾರೆ.
ನಾಳೆ ಅಂದವರು ಕುಮಟೆಯಲ್ಲಿ ಯಾವತ್ತೂ ಬಂದದ್ದಿಲ್ಲ.

ಕಾರವಾರಕ್ಕೆ ಹೋದೆ, ಉಲ್ಹಾಸ ರಾಯ್ಕರನ ಅಂಗಡಿಗೆ.
ಅವನಜ್ಜ ಮೂಗುತಿ ಇಡುತ್ತಿದ್ದ ಗಾಜಿನ ಕಪಾಟಿನಲ್ಲಿ
ದಾರ ಬಿಗಿದ ಏಡಿಗಳ ಹಾಗೆ
ಕಾಲು ಮಡಚಿ ಕೂತಿದ್ದವು ನಾಲ್ಕು.

"ಇದು ಗಾಳಿಗೆ ಜಗ್ಗುವುದಿಲ್ಲ.
ಇದರ ಕಣ್ಣು ಮುಸ್ಸಂಜೆಗೂ ಮಂಜಾಗದು.
ಇದಕ್ಕೆ ಎದುರಿನ ಮರ ಗೊತ್ತಾಗುತ್ತದೆ, ತಾನೇ ನಿಲ್ಲುತ್ತದೆ.
ಇದಕ್ಕೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಅಗ್ಗ."
ಕೊನೆಯದರ ಮೇಲೆ ನನಗೆ
ನೆಂಟರ ಮೇಲಿನಂಥ ಅಕ್ಕರೆ ಹುಟ್ಟಿತು.

ಹಾರಿಸಿ ತೋರಿಸು ಅಂದೆ.
ಉಲ್ಹಾಸ ಅರಗಾದ ದಿಕ್ಕಿಗೆ ಗಲ್ಲ ಎತ್ತಿದ.
"ನೌಕಾನೆಲೆ ಅಲ್ವಾ. ಇಲ್ಲಿ ಮಾರಬಹುದು,
ಹಾರಿಸುವ ಹಾಗಿಲ್ಲ."
ಹೊರಗೆ ಬೈತಖೋಲದ ಮೇಲೆ
ಯಾರನ್ನೂ ಕೇಳದೆ ಗರುಡವೊಂದು ಸುತ್ತು ಹಾಕುತ್ತಿತ್ತು,
ಬ್ಯಾಟರಿಯ ಚಿಂತೆಯೂ ಇದ್ದಂತಿರಲಿಲ್ಲ.

ಅಜ್ಜನ ತಕ್ಕಡಿ ಇನ್ನೂ ಇತ್ತು, ತೂಗಿದ:
ಇನ್ನೂರ ನಲವತ್ತೊಂಬತ್ತು.
"ಇನ್ನೂರೈವತ್ತು ದಾಟಿದರೆ ಕಾಗದಪತ್ರ ಜಾಸ್ತಿ.
ಮೊದಲನೆಯದು ಇದೇ ಇರಲಿ, ಬೀಳಿಸ್ತೀರಿ.
ಎಲ್ಲರೂ ಬೀಳಿಸ್ತಾರೆ."

ಬೀಳಿಸಿದೆ.
ಮೂರನೆಯ ದಿನ, ಅಘನಾಶಿನಿಯ ಇಳಿತದ ಹೊತ್ತು.
ಅದು ನನ್ನತ್ತ ಮುಖ ತಿರುಗಿಸಿದರೆ
ಅದರ ಎಡ ನನ್ನ ಬಲ, ಉಲ್ಹಾಸ ಹೇಳಿದ್ದ;
ಕಿವಿ ಕೇಳಿತ್ತು, ಹೆಬ್ಬೆರಳು ಕೇಳಿರಲಿಲ್ಲ.
ಪಡುಗಾಳಿ ಒಂದು ಮಗ್ಗುಲು ಬದಲಿಸಿದ್ದೇ ನೆಪ,
ಬಳಚು ಹೆಕ್ಕುವವರ ನಡುವೆ
ಕೆಸರಲ್ಲಿ ಹೋಗಿ ಕೂತಿತು.

"ಉಪ್ಪುನೀರು ತಾಗಿಸಬೇಡ" ಎಂದು ದಂಡೆಯಿಂದ ಕೂಗಿದೆ.
ಹೊನ್ನಕ್ಕ ತಲೆವಸ್ತ್ರದ ಒಣಗಿದ ತುದಿಯಲ್ಲಿ ಒರೆಸಿ
ಅಂಗೈಯಲ್ಲಿ ಎರಡು ಸಲ ಏರಿಸಿ ಇಳಿಸಿ
"ಕಾಲು ಕಿಲೋ. ಒಂಚೂರು ಕಮ್ಮಿ" ಅಂದಳು.
"ಒಂದು ಗ್ರಾಂ."
"ಹಾಗೆ ತೂಗಿದರೆ ನನ್ನ ಗಿರಾಕಿ ಬಿಡ್ತಾರಾ ಮಾರಾಯಾ?"

ಬೀಳುವ ಮುಂಚೆ ಅದು ಕಂಡದ್ದನ್ನು ತೋರಿಸಿದೆ.
ನಾಚಿಕೆಯಾಯಿತು. ಮೂವತ್ತು ವರ್ಷ
ಗಲ್ಲ ಸ್ವಲ್ಪ ಮೇಲೆ, ಕಣ್ಣು ಇಲ್ಲಿ ಅನ್ನುತ್ತಾ ಬದುಕಿದವನು;
ಅಲ್ಲಿ ಒಂದೂ ಮುಖ ಇರಲಿಲ್ಲ.
ಬುಟ್ಟಿಯ ಬಾಯಿಗಳು, ಬಾಗಿದ ಬೆನ್ನುಗಳು,
ಬೂದು ಕೆಸರಲ್ಲಿ ಹೆಜ್ಜೆಯ ಗೀಟು.

ಅವಳಿಗೆ ಮುಖ ಬೇಕಾಗಲಿಲ್ಲ.
"ಇದು ಸುಕ್ರಿ, ಎಡಗಾಲು ಎಳೀತಾಳೆ.
ಇದು ಮಾಸ್ತಿ, ಅವಳದು ಯಾವಾಗಲೂ ಅವಸರ.
ಇದು ನಾನು. ನೋಡು, ಇಲ್ಲಿ ನಿಂತೆ, ಇಲ್ಲಿ ನಿಂತೆ."
ಯಾಕೆ ನಿಂತೆ?
"ಮೊಮ್ಮಗ ದಂಡೆ ಮೇಲಿದ್ದಾನಾ ಅಂತ ತಿರುಗಿ ನೋಡಿದ್ದು."

ಆಮೇಲೆ ಬೆರಳು ಒಂದು ಕಡೆ ನಿಂತಿತು,
ಯಾರ ಹೆಜ್ಜೆಯೂ ಬೀಳದ ಕಪ್ಪು ಪಟ್ಟಿಯೊಂದರ ಮೇಲೆ.
ಸುತ್ತ ನೋಡಿ ದನಿ ತಗ್ಗಿಸಿದಳು,
"ಇದನ್ನ ಅವರಿಗೆ ತೋರಿಸಬೇಡ."

ಒಂದು ರೆಕ್ಕೆ ಮುರಿದಿತ್ತು. ಡಬ್ಬಿಯಲ್ಲಿ ಬದಲಿ ಇತ್ತು,
ಜೊತೆಗೆ ಬೆರಳುಗುರಿನಷ್ಟು ಸ್ಕ್ರೂ ಡ್ರೈವರ್.
ಮೇಜಿನ ಮೇಲೆ ಹಾಕಿಕೊಂಡು ಕೂತಿದ್ದಾಗ
ಹೊಸ್ತಿಲಲ್ಲಿ ಒಂದು ಮದುವೆಯ ಮನೆಯವರು.
"ಡ್ರೋನ್ ಉಂಟಾ?"
ಉಂಟು, ಅಂದೆ.
ಗಾಳಿ ಇಲ್ಲದಿದ್ದರೆ.