ಮೂತಿ ಹೊರಗೆ

ಮನಾಗುವಾದಲ್ಲಿ ಮನೆ ಎಲ್ಲಿ ಅಂತ ಕೇಳಿದರೆ
ಬೀದಿಯ ಹೆಸರು ಹೇಳುವವರು ಕಡಿಮೆ.
‘ಆ ಪುಟ್ಟ ಮರ ಇತ್ತಲ್ಲ, ಅಲ್ಲಿಂದ ಎರಡು ಬ್ಲಾಕು
ಸರೋವರದ ಕಡೆಗೆ, ಅರ್ಧ ಬ್ಲಾಕು ಮೇಲಕ್ಕೆ.’
ಮೇಲಕ್ಕೆ ಅಂದರೆ ಸೂರ್ಯ ಹುಟ್ಟುವ ದಿಕ್ಕು.
ಮರ ಈಗಿಲ್ಲ.
ಆದರೂ ಅದರ ಬುಡದಿಂದಲೇ ಎಣಿಸುತ್ತೇವೆ,
ಪಿಜ್ಜಾ ಹೊತ್ತ ಹುಡುಗ ಬಂದು ಮುಟ್ಟುತ್ತಾನೆ,
ಪಿಜ್ಜಾ ಇನ್ನೂ ಬಿಸಿ.

ನಾನು ವ್ಯಾನ್ ಓಡಿಸುವವಳು.
ಹನ್ನೆರಡು ಸೀಟು, ಹತ್ತೊಂಬತ್ತು ವರ್ಷ.
ಮೊದಲು ಹಳೆಯ ಇಗರ್ಜಿ:
ಭೂಕಂಪದ ರಾತ್ರಿ ನಿಂತ ಗಡಿಯಾರ.
ಅದನ್ನು ನೋಡಿದ ಕೂಡಲೇ ಎಲ್ಲರೂ
ತಮ್ಮ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಾರೆ, ಯಾಕೋ.
ಆಮೇಲೆ ಅಕವಾಲಿಂಕಾ, ಬೂದಿಗೆಸರಿನಲ್ಲಿ
ಸಾವಿರಾರು ವರ್ಷದಿಂದ ಕಲ್ಲಾಗಿ ಕೂತ ಹೆಜ್ಜೆಗಳು.
ಬೆಂಕಿಬೆಟ್ಟಕ್ಕೆ ಹೆದರಿ ಓಡಿದವರು ಅನ್ನುತ್ತಾನೆ ಒಬ್ಬ ಗೈಡು.
ಇಲ್ಲ, ಸುಮ್ಮನೆ ನೀರಿಗೆ ಹೊರಟವರು, ಇನ್ನೊಬ್ಬ.
ಟಿಪ್ಸು ಹೆಚ್ಚು ಬೀಳುವುದು
ಓಡಿಸಿದವನಿಗೆ.

ನನಗೆ ಗೊತ್ತಿರುವುದು ಎಲ್ಲದರ ಬೆನ್ನು.
ಗ್ರನಾದಾದ ಬಣ್ಣದ ಗೋಡೆಗಳ ಹಿಂದೆ ಒಂದು ಮಾವಿನ ನೆರಳು,
ಕತಾರಿನಾದಲ್ಲಿ ಮಾರಿಂಬಾ ಬಾರಿಸುವವನು
ಬಿಡುವಿನಲ್ಲಿ ಸೇದುವ ಸಿಗರೇಟು.
ಪುಟ್ಟ ದ್ವೀಪಗಳಿಗೆ ದೋಣಿ ಹೊರಡುವಾಗ
ಹನ್ನೆರಡು ಬೆನ್ನು, ಹನ್ನೆರಡು ಕಿತ್ತಳೆ ಜಾಕೆಟ್ಟು.
ಒಮ್ಮೆಯೂ ದೋಣಿ ಹತ್ತಲಿಲ್ಲ ನಾನು.
ವ್ಯಾನ್ ಕಾಯಬೇಕಲ್ಲ.

ಒಂದು ಭಾನುವಾರ ಬುಕಿಂಗು ರದ್ದಾಯಿತು.
ಎಲ್ ಕ್ರುಸೆರೊ ತಿರುವಿನಲ್ಲಿ ನಕತಮಾಲ್ ಮಾರುವ ಲಿಯೊನ್ಸಿಯಾ
ಕಾಫಿ ಬಗ್ಗಿಸುತ್ತ ಕೇಳಿದಳು:
‘ಅಷ್ಟೊಂದು ಡಾಲರು ಸುರಿದು ಏನು ನೋಡುತ್ತಾರೆ ಮಾರ್ಬೆಲಿ,
ನಿನ್ನ ಜನ? ನನಗೂ ತೋರಿಸು.’
ಮುಂದಿನ ಸೀಟಿನಲ್ಲಿ ಕೂತಳು, ತೊಡೆಯ ಮೇಲೆ ಪಾತ್ರೆ.
ಸೀಟ್ ಬೆಲ್ಟನ್ನು ಪಾತ್ರೆಗೂ ಸೇರಿಸಿಯೇ ಬಿಗಿದೆ.

ಮಸಾಯಾ ಬೆಟ್ಟದ ಬಾಯಿಯ ಹತ್ತಿರ ಒಂದು ನಿಯಮ:
ಗಾಡಿಯ ಮೂತಿ ಹೊರಗೆ ಮಾಡಿಯೇ ನಿಲ್ಲಿಸಬೇಕು.
ಕಾಲು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ,
ಹೊಗೆ ಒಳ್ಳೆಯದಲ್ಲ.
ಅಂಚಿಗೆ ಬಂದವರು ಸಾಮಾನ್ಯವಾಗಿ
ಕೆಳಗೆ ಕುದಿಯುವ ಕೆಂಪು ಕಂಡು ಮಾತು ಮರೆಯುತ್ತಾರೆ.
ಲಿಯೊನ್ಸಿಯಾ ಸೊಂಟದ ಮೇಲೆ ಕೈಯಿಟ್ಟಳು.

‘ಓಹೋ. ನೀನೇನಾ?
ಮೂರು ಸಲ ತಗಡು ಹೊದಿಸಿದೆ,
ಮೂರು ಸಲವೂ ತಿಂದೆ.
ಬಾಗಿಲ ಕೀಲು ತಿಂದೆ, ಕಾಫಿ ಗಿಡದ ಎಲೆ ತಿಂದೆ,
ಡಬ್ಬಿಯೊಳಗಿನ ಸೂಜಿಯನ್ನೂ ಬಿಡಲಿಲ್ಲವಲ್ಲೋ, ಹೊಟ್ಟೆಬಾಕ!
ಲೆಕ್ಕ ಬರೆದಿಟ್ಟಿದ್ದೇನೆ. ತೆಗೆ ದುಡ್ಡು.’

ಗಾಳಿ ತಿರುಗಿತು. ಹೊಗೆ ನೇರ ಮುಖಕ್ಕೆ.
ಅವಳು ಕೆಮ್ಮಿದಳು, ಏಪ್ರನ್ನಿನ ತುದಿ ಮೂಗಿಗೆ ಒತ್ತಿ,
‘ನೋಡು, ನೋಡು, ಮಾತು ಮರೆಸುತ್ತಾನೆ’ ಅಂದಳು.
ಪಕ್ಕದಲ್ಲಿದ್ದ ವಿದೇಶಿ ದಂಪತಿ
ಬೆಟ್ಟ ಬಿಟ್ಟು ಇವಳ ಫೋಟೋ ತೆಗೆಯತೊಡಗಿದರು.
ಕಾವಲುಗಾರ ಸೀಟಿ ಊದಿದ, ಹೊತ್ತಾಯಿತು.

ಇಳಿಯುವಾಗ ತುಂಬ ಹೊತ್ತು ಸುಮ್ಮನಿದ್ದಳು.
ಆಮೇಲೆ: ‘ಇನ್ನೂ ದೊಡ್ಡವನಿರಬೇಕು ಅಂದುಕೊಂಡಿದ್ದೆ.’
ಇನ್ನೊಂದು ತಿರುವು ಕಳೆದ ಮೇಲೆ:
‘ಗಾಡಿಗಳೆಲ್ಲ ಯಾಕೆ ಹಾಗೆ ಬೆನ್ನು ಮಾಡಿ ನಿಂತಿದ್ದವು?’
ಓಡಬೇಕಾದರೆ ಸಲೀಸಾಗಲಿ ಅಂತ, ಅಂದೆ.
‘ನಮ್ಮ ಮನೆಯ ಬಾಗಿಲಿರುವುದು
ಅವನ ಕಡೆಗೇ’ ಅಂದಳು, ಪಾತ್ರೆಯ ಮುಚ್ಚಳ ಸರಿಮಾಡುತ್ತ.

ಹಣ ಬೇಡವೆಂದರೂ ಕೇಳದೆ
ಬಾಳೆಯೆಲೆಯ ಒಂದು ಪೊಟ್ಟಣ ಸೀಟಿನ ಮೇಲಿಟ್ಟು ಹೋದಳು.

ಸೋಮವಾರ ಮತ್ತೆ ಗ್ರನಾದಾ.
ಹನ್ನೆರಡು ಬೆನ್ನು ನೀರಿಗೆ ಹೊರಟ ಮೇಲೆ
ಮಾವಿನ ಕೆಳಗೆ ಕೂತು ಎಲೆ ಬಿಡಿಸಿದೆ:
ಜೋಳದ ಹಿಟ್ಟು, ಹಂದಿಮಾಂಸ, ಎರಡು ತುಂಡು ಆಲೂಗಡ್ಡೆ,
ಮೇಲೊಂದು ಪುದೀನ ಎಲೆ.
ಉಪ್ಪು ಚೂರು ಜಾಸ್ತಿ.