ನೀಲಿ ಎಲ್ಲಿಯವರೆಗೆ

ಮೈದಾ ಅಂಟು ಕಾಯಿಸಿ ಕೂತಿದ್ದೇವೆ
ನಾನೂ ಐಸಾನೆಮ್‌ಳೂ.
ಮೊದಲ ಪುಟಕ್ಕೆ ಮೀನಿನ ಡಬ್ಬಿಯ ಚೀಟಿ,
ಮುಯ್ನಾಕ್ ಕಾರ್ಖಾನೆಯಿಂದ ನನ್ನಮ್ಮ
ಜೇಬಲ್ಲಿ ಮಡಚಿ ತಂದದ್ದು.
ಮೂಸಿ ನೋಡಿದಳು ಮಗಳು:
"ಬರೀ ಕಾಗದದ ವಾಸನೆ."

ಆಮೇಲೆ ಫೋಟೋ. ಏಳರ ನಾನು,
ಒದ್ದೆ ಲಂಗ, ಮುಂದಿನ ಹಲ್ಲಿಲ್ಲ,
ಹಿಂದೆ ಅಪ್ಪನ ದೋಣಿ.
"ಅಮ್ಮಾ, ಇದು ನಾವು ಜಾರಿ ಆಡೋ ದೋಣಿ ಅಲ್ವಾ?
ಮರಳಿಂದ ಇದನ್ನ ಎತ್ತಿದ್ದು ಯಾರು?"

ಯಾರೂ ಎತ್ತಲಿಲ್ಲ ಕಣೇ,
ಅದು ಓಡಾಡುತ್ತಿತ್ತು.

ನಂಬಲಿಲ್ಲ. ನಕ್ಕಳು.
ತನ್ನ ಪುಟಕ್ಕೆ ಚಿಪ್ಪು, ತುಕ್ಕಿನ ಮೊಳೆ,
ಒಂಟೆಯ ಕೂದಲು ಅಂಟಿಸಿಕೊಂಡು
ನೀಲಿ ಕ್ರೇಯಾನ್ ಮಾತ್ರ ನನಗೆ ಕೊಟ್ಟಳು:
"ನೀನು ನೋಡಿದೀಯಲ್ಲ, ನೀನೇ ಬಳಿ."

ಎಲ್ಲಿಯವರೆಗೆ ಅಂತ ತೋಚದೆ
ಅಂಚು ದಾಟಿ
ಮೇಜಿಗೂ ಬಳಿದೆ.

ಒಣಗಲಿ ಅಂತ ಪುಟವನ್ನು
ಬಿಸಿಲಿಗೆ ಇಟ್ಟವಳು
ಯಾಕೋ ಮತ್ತೆ
ಒಳಗೆ ತಂದೆ.