ಬಕಾರ

ಬುರಾವೋ ಊರಾಚೆ, ತಗಡು ಹರಕು ಟಾರ್ಪಾಲಿನ ಕೇರಿಯಲ್ಲಿ
ನನ್ನ ದೊಡ್ಡಮ್ಮ ಅಂಬರೊ
ಒಂದು ಅಕ್ಷರ ಹುಡುಕುತ್ತ ಮೂರು ದಿನ ಮಾತು ಬಿಟ್ಟಳು.

ನಮ್ಮಲ್ಲಿ ಪದ್ಯಕ್ಕೊಂದು ಬಿಗಿ ಕಟ್ಟುಪಾಡು:
ಯಾವ ಅಕ್ಷರ ಹಿಡಿದು ಹೊರಟೆಯೋ
ಸಾಲುಸಾಲಿಗೂ ಅದೇ ಬಡಿಯಬೇಕು, ಕೊನೆತನಕ.
ನಡುವೆ ಅಕ್ಷರ ಬದಲಿಸಿದವಳನ್ನು
ಮದುವೆ ಮನೆಯ ಹೆಂಗಸರು ಚಪ್ಪಾಳೆ ನಿಲ್ಲಿಸಿಯೇ ಕೊಲ್ಲುತ್ತಾರೆ.

"ಸ ಹಿಡಿ" ಎಂದಳು ಅತ್ತೆ ಕಲ್ತುನ್, "ಸುಲಭ, ಸಭ್ಯ,
ಸ-ದಲ್ಲಿ ಯಾರಿಗೂ ನೋವಾಗುವುದಿಲ್ಲ."
ಅಂಬರೊ ಹಳದಿ ಕ್ಯಾನಿನ ಮೇಲೆ ಕೂತು ಬೆರಳು ಮಡಚುತ್ತಿದ್ದಳು.
ಇಪ್ಪತ್ತು ಲೀಟರಿನ ಕ್ಯಾನು. ಖಾಲಿ.
ತುಂಬಿಸಲು ಹೋದ ತಿಂಗಳು ಎರಡು ರೊಟ್ಟಿಯ ದುಡ್ಡು,
ಈಗ ಒಂದಿಡೀ ದಿನದ ಕೂಲಿ.

ನಾಲ್ಕನೆಯ ಬೆಳಗ್ಗೆ ಅಂದಳು: "ಬ."
ಬಿಯೊ ಅಂದರೆ ನೀರು.
ಅಷ್ಟೇ ಇತ್ತು ಅವಳ ಲೆಕ್ಕ, ನೀರಿನ ಬಗ್ಗೆ ನಾಲ್ಕು ಸಾಲು.
ಅಕ್ಷರ ಒಂಟಿಯಾಗಿ ಬರುವ ನೆಂಟನಲ್ಲ.
ನೀರಿನ ಹಿಂದೆಯೇ ಬಾಲ್ದಿ ಬಂತು, ಬರ್ಕದ್ ಬಂತು,
    ಮಳೆ ಹಿಡಿಯಲು ಅಜ್ಜಂದಿರು ನೆಲ ಕೊರೆದು ಕಟ್ಟಿದ ತೊಟ್ಟಿ,
    ಈಗ ಅದಕ್ಕೆ ಬೀಗ.
ಬಾಹಿ ಬಂತು, ಹಸಿವಿಗೂ ಕೊರತೆಗೂ ಒಂದೇ ಮಾತು.
ಆಮೇಲೆ ಬಂದು ಬಾಗಿಲಲ್ಲಿ ನಿಂತವು
ಬೇನ್, ಅಂದರೆ ಸುಳ್ಳು,
ಬೂಲಿ, ಅಂದರೆ ಲೂಟಿಯ ಮಾಲು.
"ಇವನ್ನು ನಾನು ಕರೆದಿರಲಿಲ್ಲ" ಎಂದಳು ರಾತ್ರಿ, ಪಿಸುದನಿಯಲ್ಲಿ.
"ಪ್ರಾಸ ಕರೆಯಿತು. ಈಗ ಹೊರಗೆ ಹಾಕಿದರೆ ಸಾಲು ಕುಂಟುತ್ತದೆ."

ಟ್ಯಾಂಕರಿನ ಧಣಿಯ ಹೆಸರು ಗಕಾರದ್ದು.
ಬಕಾರದ ಪದ್ಯದಲ್ಲಿ ಅದಕ್ಕೆ ಕೂರಲು ಜಾಗವಿಲ್ಲ.
ಹಾಗಾಗಿ ಅವನ ಹೆಸರೆತ್ತಲಿಲ್ಲ ಅವಳು. ಛಂದಸ್ಸು ಒಪ್ಪಲಿಲ್ಲ, ಅಷ್ಟೇ.
ಠಾಣೆಯಲ್ಲಿ ಕೇಳಿದರೂ ಇದೇ ಉತ್ತರವೆಂದು
ನಮಗೆಲ್ಲ ಬಾಯಿಪಾಠ ಮಾಡಿಸಿದಳು.

ಸಗಲ್‌ಳ ಮದುವೆ. ಡೋಲು. ಹೆಂಗಸರ ವೃತ್ತ.

    ಬಿಸಿಲೇ, ಬೈಸಿಕೊಂಡೆ ನೀನು ಬರಿದೇ,
    ಬರ ನಿನ್ನದಲ್ಲ, ಬೀಗದ್ದು.
    ಬಗ್ಗಿ ನೋಡಿದೆ ಬರ್ಕದಿನ ಬಿರುಕಲ್ಲಿ
    ಬೆಳ್ಳಗೆ ಬಿದ್ದಿತ್ತು ಬಾನು, ಬೊಗಸೆಗೆ ಬಾರದೆ.

ಚಪ್ಪಾಳೆ ನಿಲ್ಲಲಿಲ್ಲ. ಯಾರೂ ಯಾರ ಮುಖ ನೋಡಲಿಲ್ಲ.
ಹೇಳದೆ ಬಿಟ್ಟ ಗಕಾರ ಡೋಲಿನ ಹೊಟ್ಟೆಯಲ್ಲಿ
ಗುಂ ಎಂದಿತು.

ಇನ್ನೊಂದು ಕಟ್ಟಳೆಯೂ ಇದೆ:
ಪದ್ಯಕ್ಕೆ ಪದ್ಯದಲ್ಲೇ ಉತ್ತರ, ಅದೇ ಅಕ್ಷರದಲ್ಲಿ.
ಧಣಿ ಸೋದರಳಿಯನನ್ನು ಕೂರಿಸಿದ, ಹರ್ಗೇಸಾದಲ್ಲಿ ಓದಿದ ಹುಡುಗ.
ವಾರ ಕಳೆಯಿತು.
ತಾನು ಕೊಟ್ಟ ದಾನ, ಡೀಸೆಲಿನ ಖರ್ಚು, ಸವೆದ ಟಯರು,
ಹೇಳಬೇಕಾದ್ದು ಒಂದೂ ಬಕಾರದಲ್ಲಿಲ್ಲ.
ಇದ್ದದ್ದನ್ನೆಲ್ಲ ಅಂಬರೊ ಮೊದಲೇ ಬಾಚಿಕೊಂಡಿದ್ದಳು.
ಕೊನೆಗೆ ಫೋನಿನಲ್ಲಿ ಹರಿದಾಡಿದ ನಾಲ್ಕು ಸಾಲಿನಲ್ಲಿ
ಮೂರನೆಯದು ಎಡವಿತು. ಕೇರಿಯ ಮಕ್ಕಳೇ ಹಿಡಿದರು.

ಬೆಲೆ ಇಳಿಯಲಿಲ್ಲ, ಬರೆದುಕೊಳ್ಳಿ.
ಕೊಳಾಯಿ ತಿರುಗಿಸಲು ಪದ್ಯಕ್ಕೆ ಬರುವುದಿಲ್ಲ.
ಆದರೂ ಟ್ಯಾಂಕರಿನವನು ಅಳೆದು ಹಾಕುವಾಗ
ಸರದಿಯ ತುದಿಯಿಂದ ಒಬ್ಬ ಹುಡುಗಿ
ತುಟಿ ಕೂಡಿಸಿ ಬಿಡಿಸುತ್ತಾಳೆ: ಬ.
ಅವನು ಬೇರೆಲ್ಲೋ ನೋಡುತ್ತ
ಇನ್ನೊಂದು ಬೊಗಸೆಯಷ್ಟು ಸುರಿಯುತ್ತಾನೆ.

ಅಂಬರೊ ಮತ್ತೆ ಮಾತು ಬಿಟ್ಟಿದ್ದಾಳೆ. ಇವತ್ತಿಗೆ ಎರಡು ದಿನ.
"ಈ ಸಲ ಯಾವ ಅಕ್ಷರ?" ಕಲ್ತುನ್ ಹೆದರುತ್ತಲೇ ಕೇಳಿದಳು.
ದೊಡ್ಡಮ್ಮ ಖಾಲಿ ಕ್ಯಾನನ್ನು ಅಂಗೈಯಿಂದ ತಟ್ಟಿದಳು.
ಗುಂ ಎಂದಿತು.